ತಿಳಿಯುವ ಭಾಷೆಯಲ್ಲಿ ಪಂಚಾಯತಿಯ ಮಾರ್ಗದರ್ಶನ



1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ ತಾಲೂಕಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. ಕಲ್ಹೇರಿನ ಸುತ್ತಲ ಹಳ್ಳಿಗಳು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಗಡಿಯ ಪ್ರಶ್ನೆ ಎಂದು ಬಗೆಹರಿದೀತೋ ತಿಳಿಯದು. ಆದರೆ ಕುಡಿಯುವ ನೀರು, ಚರಂಡಿ, ಬೀದಿಯ ದೀಪ ಇವು ಅಲ್ಲಿಯವರೆಗೆ ಕಾಯಲಾರವು. ಇವನ್ನು ನೋಡಿಕೊಳ್ಳತಕ್ಕದ್ದು ಪಂಚಾಯತಿ. ಆ ಪಂಚಾಯತಿಗೆ ದಾರಿ ತೋರುವವರು ಯಾರು, ಯಾವ ಭಾಷೆಯಲ್ಲಿ ಎಂಬುದೇ ನಾವು ಇಲ್ಲಿ ವಿಚಾರಿಸತಕ್ಕ ಸಂಗತಿ.

ಮಾರ್ಗದರ್ಶನಕ್ಕೆ ದೇಶದಲ್ಲಿ ಕೊರತೆಯಿಲ್ಲ. 1957ರಲ್ಲಿ ಬಲವಂತರಾಯ ಮೆಹತಾ ಸಮಿತಿ ವರದಿಯಿತ್ತಿತು. 1959ರಲ್ಲಿ ರಾಜಸ್ಥಾನವೂ ಆಂಧ್ರವೂ ಪಂಚಾಯತಿ ರಾಜ್ಯವನ್ನು ಆರಂಭಿಸಿದವು. 1958ರಲ್ಲಿ ಮಸ್ಸೂರಿಯಲ್ಲಿ ಹುಟ್ಟಿದ ಸಂಶೋಧನ ಸಂಸ್ಥೆಯು ಮುಂದೆ ಹೈದರಾಬಾದಿನ ರಾಜೇಂದ್ರನಗರಕ್ಕೆ ಬಂದು, ಇಂದು ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತಿ ರಾಜ್ ಸಂಸ್ಥೆಯೆನಿಸಿದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು 29 ವಿಷಯಗಳನ್ನು ಪಂಚಾಯತಿಗಳಿಗೆ ಸೂಚಿಸಿತು. ಅತ್ತ ಮೈಸೂರಿನಲ್ಲಿ, ನೀರಿನ ಕೆಲಸಕ್ಕಾಗಿ ಜನ ‘ನೀರ್ ಸಾಬ್’ ಎಂದು ಕರೆದ ಮಂತ್ರಿ ಅಬ್ದುಲ್ ನಜೀರ್ ಸಾಬರ ಹೆಸರಿನ ಸಂಸ್ಥೆಯು ಕನ್ನಡದಲ್ಲಿ ಪಂಚಾಯತಿ ಸದಸ್ಯರಿಗೆ ಶಿಕ್ಷಣ ಕೊಡುತ್ತಿದೆ.

ಆದರೆ ನಮ್ಮ ಇಕ್ಕಟ್ಟು ಬೇರೆ. ಹೈದರಾಬಾದಿನ ಕಾನೂನು ನಮಗೆ ಅನ್ವಯಿಸುತ್ತದೆ, ಅಲ್ಲಿಯ ಭಾಷೆ ನಮ್ಮ ಹಿರಿಯರಿಗೆ ಓದಲು ಬಾರದು. ಮೈಸೂರಿನ ಭಾಷೆ ತಿಳಿಯುತ್ತದೆ, ಅಲ್ಲಿಯ ಕಾನೂನು ಅನ್ವಯಿಸದು. ಕರ್ನಾಟಕದಲ್ಲಿ ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ. ತೆಲಂಗಾಣದ 2018ರ ಅಧಿನಿಯಮದಂತೆ ಎರಡು ತಿಂಗಳಿಗೊಮ್ಮೆ. ಇಲ್ಲಿ ಆಯವ್ಯಯದ ಶೇಕಡಾ 10ನ್ನು ಹಸಿರಿಗಾಗಿ ತೆಗೆದಿಡಬೇಕು. ಇದನ್ನರಿಯದವನು ಸಭೆ ಏಕೆ ಕರೆಯಲಿಲ್ಲ, ಸಸಿಗಳ ಹಣವೆಲ್ಲಿ ಎಂದು ಹೇಗೆ ಕೇಳಿಯಾನು? ಓದಲಾರದ ಠರಾವಿಗೆ ಹೆಬ್ಬೆಟ್ಟೊತ್ತುವುದು ಸ್ವರಾಜ್ಯವಲ್ಲ.

ಆದುದರಿಂದ ನಾವು ಮೂರು ಮಾತು ಹೇಳಬಯಸುತ್ತೇವೆ.

ಮೊದಲನೆಯದು: ಪ್ರತಿಯೊಂದು ಠರಾವನ್ನೂ ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಿಸಿರಿ. ಎರಡೂ ಭಾಷೆ ಬಲ್ಲ ಒಬ್ಬ ತರುಣನನ್ನೋ ತರುಣಿಯನ್ನೋ ಊರವರು ಈ ಕೆಲಸಕ್ಕೆ ಆರಿಸಲಿ.

ಎರಡನೆಯದು: 1961ರ ಮುಖ್ಯಮಂತ್ರಿಗಳ ಸಮ್ಮೇಳನವು, ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಷ್ಟೋ ಅದಕ್ಕಿಂತ ಹೆಚ್ಚೋ ಇರುವ ಪ್ರದೇಶಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಹೊರಡಬೇಕೆಂದು ಒಪ್ಪಿತು. ಈ ಲೆಕ್ಕ ನಿಲ್ಲುವುದು ಜನಗಣತಿಯ ಮೇಲೆ. ಮನೆಮಾತು ಕನ್ನಡವಾಗಿದ್ದರೆ ಕನ್ನಡವೆಂದೇ ಬರೆಯಿಸಿರಿ; ಸಂಕೋಚ ಬೇಡ.

ಮೂರನೆಯದು: ಸಂಶೋಧನೆಯೆಂದರೆ ಪಟ್ಟಣದ ಪಂಡಿತರ ಕೆಲಸವೆಂದು ತಿಳಿಯಬೇಡಿರಿ. ಊರಲ್ಲಿ ಕೊಳವೆಬಾವಿಗಳೆಷ್ಟು, ಯಾವುದು ಯಾವ ತಿಂಗಳು ಬತ್ತುತ್ತದೆ, ಟಾಕಿ ತೊಳೆದುದೆಂದು, ಎಷ್ಟು ಮನೆಗೆ ನೀರು ತಲಪುತ್ತಿಲ್ಲ ಎಂಬುದನ್ನು ಒಂದು ವಹಿಯಲ್ಲಿ ವರ್ಷವಿಡೀ ಬರೆದಿಡಿರಿ. ಪ್ರತಿವರ್ಷ ಪಂಚಾಯತಿಯು ಸಿದ್ಧಪಡಿಸುವ ಅಭಿವೃದ್ಧಿ ಯೋಜನೆಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ಖರ್ಚಿನ ವಿವರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕಿನ ಅಧಿನಿಯಮವಿದೆ. ಮಾಹಿತಿಯನ್ನು ಪ್ರಚುರಪಡಿಸುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದು ಅದೂ ಹೇಳುತ್ತದೆ.

ತೆಲುಗು ನೆರೆಯವರೊಡನೆ ನಮಗೆ ಯಾವ ಮತ್ಸರವೂ ಇಲ್ಲ. ಒಂದೇ ಟಾಕಿಯ ನೀರನ್ನು ಕುಡಿಯುವವರು ನಾವು. ಆ ವಹಿ ಅವರಿಗೂ ಉಪಯೋಗವಾಗುವುದು. ಮುಂದಿನ ಗ್ರಾಮಸಭೆಗೆ ಅದನ್ನು ಕೈಯಲ್ಲಿ ಹಿಡಿದೇ ಹೋಗಿರೆಂದು ನಮ್ಮ ವಿನಂತಿ.