ನಾಲ್ಕು ಚಕ್ರಗಳ ಬಲವೂ ಶ್ರಾವಕನ ಪರಿಮಾಣವೂ

ಇತ್ತೀಚೆಗೆ ನಮ್ಮ ಸಮಾಜದ ಮದುವೆಮನೆಗಳಲ್ಲಿ, ಬಸದಿಯ ಹೊರಜಗಲಿಯಲ್ಲಿ, ಪಂಚಕಲ್ಯಾಣ ನಡೆಯುವ ಊರುಗಳ ವಾಹನ ನಿಲ್ಲಿಸುವ ಬಯಲಿನಲ್ಲಿ ಒಂದು ಹೊಸ ಮಾತು ಕಿವಿಗೆ ಬೀಳುತ್ತಿದೆ. ಪೆಟ್ರೋಲು ಕಡಮೆ ಕುಡಿಯುವ ಹೈಬ್ರಿಡ್ ಕಾರನ್ನು ಕೊಂಡವರು ಅದನ್ನು ‘ಅಹಿಂಸಾ ವಾಹನ’ವೆಂದು ಕರೆಯತೊಡಗಿದ್ದಾರೆ. ಅದರೊಡನೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಾಯುವ ಏರ್ಪಾಡು, ಅಂದರೆ ಆಲ್ ವೀಲ್ ಡ್ರೈವ್, ಇದ್ದರಂತೂ ಕೇಳುವುದೇ ಬೇಡ; ಮಲೆನಾಡಿನ ಎಂತಹ ಕೆಸರಿನಲ್ಲಿಯೂ ಹೂತುಕೊಳ್ಳದ, ಆದರೂ ಪರಿಸರವನ್ನು ನೋಯಿಸದ, ಜೈನರಿಗೆಂದೇ ಮಾಡಿಸಿದಂತಹ ವಾಹನವೆಂದು ಹೊಗಳಿಕೆ. ಕಳೆದ ಮಳೆಗಾಲಕ್ಕೆ ಮುಂಚೆ ನನ್ನ ಸೋದರಳಿಯನೊಬ್ಬ ಇಂತಹ ವಾಹನವನ್ನು ಆರಿಸಿಕೊಡಬೇಕೆಂದು ಷೋರೂಮುಗಳ ಕಾಗದಪತ್ರಗಳನ್ನು ಹಿಡಿದು ಮನೆಗೆ ಬಂದ. “ಮಾವ, ನೀವು ಶ್ರಾವಕಾಚಾರ ಓದಿದವರು, ಲೆಕ್ಕವನ್ನೂ ಬಲ್ಲವರು. ನಮಗೆ ಯಾವುದು ಹೊಂದುತ್ತದೆ, ನೀವೇ ಹೇಳಿ” ಎಂದ. ಆ ಕಾಗದಗಳನ್ನು ಓದಿದ ಮೇಲೆ ನನ್ನಲ್ಲಿ ಹುಟ್ಟಿದ ಅಸಮಾಧಾನವೇ ಈ ಲೇಖನಕ್ಕೆ ಕಾರಣ.

ಮೊದಲು ಹೆಸರಿನ ವಿಚಾರ. ಹೈಬ್ರಿಡ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ನಮ್ಮ ದೇಶದಲ್ಲಿ ಎರಡು ಬೇರೆ ಬೇರೆ ಯಂತ್ರಗಳು ಮಾರಾಟವಾಗಿವೆ. ಒಂದರಲ್ಲಿ ವಿದ್ಯುತ್ ಮೋಟಾರು ತಾನೊಂದೇ ಕಾರನ್ನು ನಡೆಸಬಲ್ಲದು. ಬೆಂಗಳೂರಿನಂತಹ ನಗರದಲ್ಲಿ ನಿಂತು ನಿಂತು ಸಾಗುವಾಗ ಎಂಜಿನ್ನು ಆರಿರುತ್ತದೆ. ಬ್ರೇಕು ಒತ್ತಿದಾಗ ಶಾಖವಾಗಿ ಪೋಲಾಗಬೇಕಾದ ಶಕ್ತಿಯ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್ ಈ ಬಗೆಯದು. ಇನ್ನೊಂದರಲ್ಲಿ ಸಣ್ಣ ಮೋಟಾರೊಂದು ಎಂಜಿನ್ನಿಗೆ ಕೈ ನೀಡುತ್ತದೆ, ಅಷ್ಟೆ. ತಾನಾಗಿಯೇ ಕಾರನ್ನು ಒಂದು ಗಜವೂ ಎಳೆಯಲಾರದು. ಹೆಸರು ಮಾತ್ರ ಎರಡಕ್ಕೂ ಹೈಬ್ರಿಡ್.

2022ರಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಡಹುಟ್ಟಾದ ಟೊಯೊಟಾ ಹೈರೈಡರ್ ಕಥೆಯೂ ಇದೇ. ಆ ವರ್ಷ ಪ್ರಕಟವಾದ ಅಂಕಿಗಳಂತೆ ನಿಜವಾದ ಹೈಬ್ರಿಡ್ ಲೀಟರಿಗೆ 27.97 ಕಿಲೋಮೀಟರ್ ಓಡುತ್ತಿತ್ತು. ಆದರೆ ಅದರಲ್ಲಿ ಬಲ ಹಾಯುತ್ತಿದ್ದುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ನಾಲ್ಕೂ ಚಕ್ರಗಳ ಬಲ ಬೇಕೆಂದವನಿಗೆ ದೊರೆಯುತ್ತಿದ್ದುದು ಎರಡನೆಯ ಬಗೆಯ, ಹೆಸರಿಗೆ ಮಾತ್ರ ಹೈಬ್ರಿಡ್ ಆದ ಕಾರು. ಅದರ ಮೈಲೇಜು 19.38. ಅದೇ ಎಂಜಿನ್ನು, ಅದೇ ಕೈಗೇರು, ಎರಡೇ ಚಕ್ರಗಳ ಬಲವಾದರೆ 21.11. ಇವೆಲ್ಲ ಪರೀಕ್ಷಾಲಯದ ಅಂಕಿಗಳು, ರಸ್ತೆಯಲ್ಲಿ ಇಷ್ಟು ಸಿಗುವುದಿಲ್ಲ, ಹೋಲಿಕೆಗಂತೂ ಸಾಕು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವ ಗೃಹಸ್ಥನಿಗೆ ಮೊದಲನೆಯದರಲ್ಲಿ ಸುಮಾರು 358 ಲೀಟರ್, ನಾಲ್ಕು ಚಕ್ರದ ಬಲವುಳ್ಳದ್ದರಲ್ಲಿ 516 ಲೀಟರ್ ಪೆಟ್ರೋಲು ಬೇಕು. ಅಂತರ 158 ಲೀಟರ್. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ಎರಡನೆಯ ಕಾರನ್ನು ಕೊಂಡು ಅದರ ‘ಹೈಬ್ರಿಡ್’ ಎಂಬ ಹೆಸರನ್ನು ತೋರಿಸಿ ಅಹಿಂಸೆಯ ಮಾತಾಡುವವರಿಗೆ ಏನು ಹೇಳೋಣ?

ನಿಜವಾದ ಹೈಬ್ರಿಡ್ಡನ್ನೇ ಕೊಂಡವರ ವಾದವನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಟ್ಟವನು. ಆರಂಭೀ, ಉದ್ಯೋಗೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾರದವನು. ಒಲೆ ಉರಿಯಲೇಬೇಕು, ವ್ಯಾಪಾರಕ್ಕೆ ಹೋಗಲೇಬೇಕು. ಉರಿಸಲೇಬೇಕಾದ ಬೆಂಕಿಯನ್ನು ಕಡಮೆ ಉರಿಸುವ ಯಂತ್ರ ಸಿಕ್ಕಿದಾಗ ಅದನ್ನು ಆರಿಸುವುದು ವಿವೇಕ. ಅದನ್ನು ವ್ರತವೆಂದು ತಿಳಿಯುವುದರಲ್ಲಿ ನನ್ನ ತಕರಾರು ಇದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿದ್ದಾರೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಈ ದೃಷ್ಟಿಯಿಂದ ನೋಡಿದರೆ ಪೆಟ್ರೋಲು ಭೋಗ, ಕಾರು ಉಪಭೋಗ. ನಿಯಮ ತೆಗೆದುಕೊಳ್ಳಬೇಕಾದ ವಸ್ತುಗಳನ್ನು ಎಣಿಸುವಾಗ ಆಹಾರದ ಬೆನ್ನಿಗೇ ಅವರು ವಾಹನವನ್ನು ಹೆಸರಿಸಿದ್ದಾರೆ. ಹಾಸಿಗೆ, ಹೂವು, ತಾಂಬೂಲಗಳಿಗಿಂತಲೂ ಮೊದಲು! ಆ ನಿಯಮವಾದರೂ ಎಂತಹದು? ಇಂದಿಗೆ, ಈ ರಾತ್ರಿಗೆ, ಈ ಪಕ್ಷಕ್ಕೆ, ಈ ತಿಂಗಳಿಗೆ, ಈ ಋತುವಿಗೆ ಎಂದು ಕಾಲದ ಗೆರೆ ಹಾಕಿ ಬಿಡುವುದು. ದಿಗ್ವ್ರತದಲ್ಲಿ ಸಮುದ್ರ, ನದಿ, ಕಾಡು, ಬೆಟ್ಟ, ಯೋಜನಗಳೇ ಮೇರೆ. ಇವುಗಳಲ್ಲಿ ಎಲ್ಲಿಯೂ ವಾಹನದ ಗುಣವನ್ನು ವಿಚಾರಿಸಿಲ್ಲ. ವಿಚಾರಿಸಿರುವುದು ಹೋಗುವವನ ಮೇರೆಯನ್ನು. ನಮ್ಮ ‘ಅಹಿಂಸಾ ವಾಹನ’ದ ಬಂಧುಗಳು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ದಶಮಾಂಶದವರೆಗೆ ಹೇಳುತ್ತಾರೆ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ.

ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದ ಮಾಡಿ ನೋಡಿ. 27.97ರ ಕಾರಿನವನು ‘ಮೈಲೇಜು ಚೆನ್ನಾಗಿದೆಯಲ್ಲ’ ಎಂದು ತನ್ನ ತಿರುಗಾಟವನ್ನು ಹತ್ತು ಸಾವಿರದಿಂದ ಹದಿನಾಲ್ಕು ಸಾವಿರದ ನಾನೂರಕ್ಕೆ ಏರಿಸಿದನೆಂದರೆ ಉಳಿತಾಯವೆಲ್ಲ ಮುಗಿಯಿತು. ಅವನೂ ಸುಮಾರು 515 ಲೀಟರ್ ಸುಟ್ಟ. 19.38ರ ಕಾರಿನವನು ತನ್ನ ಓಡಾಟವನ್ನು 6,900 ಕಿಲೋಮೀಟರಿಗೆ ಇಳಿಸಿದರೆ ಹತ್ತು ಸಾವಿರ ಓಡಿಸುವ ಹೈಬ್ರಿಡ್ ಒಡೆಯನಿಗೆ ಸಮನಾದ. ಇದು ನನ್ನ ಶೋಧವೇನಲ್ಲ. ಯಂತ್ರ ಮಿತವ್ಯಯಿಯಾದಷ್ಟೂ ಕಲ್ಲಿದ್ದಲಿನ ಒಟ್ಟು ವೆಚ್ಚ ಏರುತ್ತದೆಯೇ ಹೊರತು ಇಳಿಯುವುದಿಲ್ಲವೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲಿಯೇ ಬರೆದಿದ್ದಾನೆ. ಆತನಿಗೆ ಅದು ಮಾರುಕಟ್ಟೆಯ ಸಮಸ್ಯೆಯಾಗಿ ಕಂಡಿತು. ನಮಗೆ ಅದು ಪರಿಮಾಣವಿಲ್ಲದ ಲೋಭದ ಹಳೆಯ ಸ್ವಭಾವ.

ಇನ್ನು ನಾಲ್ಕು ಚಕ್ರಗಳ ಬಲ. ಇದರ ಸಮರ್ಥಕರು ಎರಡು ಕಾರಣ ಕೊಡುತ್ತಾರೆ: ಸುರಕ್ಷತೆ, ಮತ್ತು ಮಳೆಗಾಲ. ಸುರಕ್ಷತೆಯ ವಾದದಲ್ಲಿ ಅರ್ಧ ಸತ್ಯವಿದೆ. ಒಂದು ಚಕ್ರ ಜಾರಿ ಸುಮ್ಮನೆ ತಿರುಗತೊಡಗಿದಾಗ ಹಿಡಿತವಿರುವ ಚಕ್ರಗಳಿಗೆ ಬಲವನ್ನು ಕಳುಹಿಸುವುದು ಈ ಏರ್ಪಾಡಿನ ಕೆಲಸ. ಹೊರಡಲು, ಏರಲು, ಕೆಸರಿನಿಂದ ಮೇಲೇಳಲು ಅದು ನೆರವಾಗುತ್ತದೆ. ನಿಲ್ಲಲು ಆಗುವುದಿಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇದೆ. ಒದ್ದೆ ರಸ್ತೆಯಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಟಯರಿನ ರಬ್ಬರು ಮತ್ತು ಅದರ ಗೀರುಗಳ ಆಳ. ಆಗುಂಬೆ, ಶಿರಾಡಿ, ಚಾರ್ಮಾಡಿಗಳ ಇಳಿಜಾರಿನಲ್ಲಿ ಸವೆದ ಟಯರಿನ ಆಲ್ ವೀಲ್ ಡ್ರೈವ್ ಕಾರಿಗಿಂತ ಹೊಸ ಟಯರಿನ ಸಾಮಾನ್ಯ ಕಾರು ಲೇಸು. ಹೊರಡುವಾಗ ಜಾರಲಿಲ್ಲವೆಂಬ ಧೈರ್ಯದಲ್ಲಿ ವೇಗ ಹೆಚ್ಚಿಸಿದವನಿಗೆ ತಿರುವಿನಲ್ಲಿ ಆ ಧೈರ್ಯ ಕೈಕೊಡುತ್ತದೆ. ಇದನ್ನೆಲ್ಲ ಹೇಳುವವರು ಷೋರೂಮಿನಲ್ಲಿ ಯಾರೂ ಇರುವುದಿಲ್ಲ; ಅವರ ಕೆಲಸವೂ ಅದಲ್ಲ.

ಮಳೆಗಾಲದ ವಾದಕ್ಕೆ ಬರೋಣ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ವರ್ಷದಲ್ಲಿ ಎಂಟು ತಿಂಗಳು ನಮ್ಮ ನಾಡಿನ ರಸ್ತೆಗಳಲ್ಲಿ ಈ ನಾಲ್ಕು ಚಕ್ರಗಳ ಬಲಕ್ಕೆ ಕೆಲಸವಿಲ್ಲ. ಆ ಎಂಟು ತಿಂಗಳೂ ಹೆಚ್ಚಿನ ಉಕ್ಕಿನ ಭಾರವನ್ನು ಹೊತ್ತು ಕಾರು ಹೆಚ್ಚು ಬೆಂಕಿ ತಿನ್ನುತ್ತದೆ. ಹಾಗಾದರೆ ಅದನ್ನು ಕೊಂಡದ್ದು ಯಾವ ನಾಲ್ಕು ತಿಂಗಳಿಗಾಗಿ? ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳಿಗಾಗಿ! ನಮ್ಮ ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ವರ್ಷಾಯೋಗದಲ್ಲಿ ಕುಳಿತುಕೊಳ್ಳುವ ಅದೇ ಚಾತುರ್ಮಾಸಕ್ಕಾಗಿ. ಬರಿಗಾಲಿನಲ್ಲಿ, ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಸಾಧುವೇ ನೆಲ ಜೀವಗಳಿಂದ ತುಂಬಿದೆಯೆಂದು ನಡಿಗೆಯನ್ನು ಬಿಡುವ ಕಾಲದಲ್ಲಿ, ಆ ಸಾಧುವಿಗೆ ಆಹಾರದಾನ ಮಾಡಿ ಕೃತಾರ್ಥನಾದ ಶ್ರಾವಕನು ಒಂದೂವರೆ ಟನ್ನಿನ ವಾಹನಕ್ಕೆ ‘ಎಲ್ಲಿಯೂ ನಿಲ್ಲಬೇಕಾಗಿಲ್ಲ’ ಎಂಬ ಶಕ್ತಿಯನ್ನು ಹಣ ಕೊಟ್ಟು ಕೊಳ್ಳುತ್ತಾನೆ.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ ಶ್ರಾವಣದ ಒಂದು ರಾತ್ರಿ ಕಾರಿನ ದೀಪದ ಬೆಳಕಿನಲ್ಲಿ ರಸ್ತೆಯನ್ನು ನೋಡಿದವರಿಗೆ ನಾನು ಹೇಳಬೇಕಾದುದಿಲ್ಲ. ಡಾಂಬರಿನ ಮೇಲೆ ಕುಪ್ಪಳಿಸುವ ಕಪ್ಪೆಗಳು, ದಾಟುತ್ತಿರುವ ಏಡಿಗಳು, ಬಸವನಹುಳುಗಳು, ಬೆಳಕಿಗೆ ಮುತ್ತುವ ಪತಂಗಗಳು: ಎರಡಿಂದ್ರಿಯದ ಹುಳುವಿನಿಂದ ಐದಿಂದ್ರಿಯದ ಕಪ್ಪೆಯವರೆಗೆ ತ್ರಸಜೀವಗಳ ಸಂತೆಯೇ ನೆರೆದಿರುತ್ತದೆ. ಸೂರ್ಯಾಸ್ತದ ಮೇಲೆ ದೀಪಕ್ಕೆ ಬೀಳುವ ಹುಳುವಿಗಾಗಿ ಊಟ ಬಿಟ್ಟವರು ನಾವು. ಅದೇ ಹೊತ್ತಿನಲ್ಲಿ ಊಟವನ್ನು ಬೇಗ ಮುಗಿಸಿಕೊಂಡು ಘಾಟಿ ಇಳಿಯಲು ಹೊರಡುತ್ತೇವೆ. ಆಚಾರ್ಯ ಕುಂದಕುಂದರ ನೆನಪನ್ನು ಹೊತ್ತ ಕುಂದಾದ್ರಿಗೆ ಬೆಟ್ಟದ ಮೇಲಿನವರೆಗೂ ರಸ್ತೆಯಿದೆ. ಜಡಿಮಳೆಯಲ್ಲಿ ಆ ಕಡಿದಾದ ರಸ್ತೆಯನ್ನು ಏರಿ, ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕಿಂತ ಮೊದಲು ಮಂಜಿನಲ್ಲಿ ಕಾರಿನ ಚಿತ್ರ ತೆಗೆಯುವ ನಮ್ಮ ತರುಣರು ಅದನ್ನು ತೀರ್ಥಯಾತ್ರೆಯ ಲೆಕ್ಕಕ್ಕೆ ಬರೆಯಬಾರದು. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಮತ್ತು ಸುಮ್ಮನೆ ತಿರುಗುವುದು, ಇತರರನ್ನು ತಿರುಗಿಸುವುದು, ಇವನ್ನು ಸಮಂತಭದ್ರರು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪೆಟ್ರೋಲಿನ ಕಾರಿನ ವಿಹಾರದಲ್ಲಿ ಬೆಂಕಿಯೂ ಇದೆ, ತಿರುಗಾಟವೂ ಇದೆ.

ಇಲ್ಲಿ ನನಗೆ ಎದುರು ನಿಲ್ಲುವವರು ತೀರ್ಥಹಳ್ಳಿ, ಹೊಸನಗರ, ಕಳಸದ ಕಡೆಯ ನಮ್ಮ ತೋಟಗಾರ ಬಂಧುಗಳು. ಅವರ ಮಾತು ನ್ಯಾಯವಾದದ್ದು. ಮನೆಯಿಂದ ಟಾರು ರಸ್ತೆಗೆ ಎರಡು ಮೈಲಿ ಜೇಡಿಮಣ್ಣಿನ ಏರು. ಅಡಕೆಗೆ ಕೊಳೆರೋಗದ ಔಷಧಿ ಹೊಡೆಸಲು ಆಳುಗಳನ್ನು ಕರೆತರಬೇಕಾದುದು ಮಳೆಗಾಲದಲ್ಲಿಯೇ. ಮನೆಯಲ್ಲಿ ಮುದುಕರಿದ್ದಾರೆ, ಬಾಣಂತಿಯರಿದ್ದಾರೆ, ಆಸ್ಪತ್ರೆ ಇಪ್ಪತ್ತು ಮೈಲಿ ದೂರ. ಇವರಿಗೆ ನಾಲ್ಕು ಚಕ್ರಗಳ ಬಲ ಅನರ್ಥವಲ್ಲ, ಅರ್ಥವೇ. ಅವರು ಕೊಳ್ಳಲಿ, ನನ್ನ ಟೀಕೆ ಅವರನ್ನು ಮುಟ್ಟುವುದಿಲ್ಲ. ನಾನು ಹೇಳುತ್ತಿರುವುದು ಜಯನಗರದ ಕಾಂಕ್ರೀಟು ಅಂಗಳದಲ್ಲಿ ಕಾರು ನಿಲ್ಲಿಸಿ, ವರ್ಷಕ್ಕೊಮ್ಮೆ ಹೊಂಬುಜಕ್ಕೆ ಹೋಗುವವನ ವಿಚಾರ. ಹೊಂಬುಜದ ಮಠದ ಬಾಗಿಲವರೆಗೂ ಬಸ್ಸು ಹೋಗುತ್ತದೆ.

ಈ ಪತ್ರಿಕೆಯನ್ನು ಅಮೆರಿಕದಲ್ಲಿ ಓದುವವರೂ ಇದ್ದಾರೆ; ಹಿಮ ಬೀಳುವ ಮಿಷಿಗನ್, ಮಿನ್ನೆಸೋಟಗಳಲ್ಲಿರುವವರ ಪರಿಸ್ಥಿತಿ ಬೇರೆ. ಅಲ್ಲಿ ದೊರೆಯುವ ಕೆಲವು ಹೈಬ್ರಿಡ್ಡುಗಳಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮೋಟಾರು ಇದೆ. ಮುಂದಿನಿಂದ ಹಿಂದಕ್ಕೆ ಉಕ್ಕಿನ ದಂಡ ಹಾಯುವುದಿಲ್ಲ. ಆದ್ದರಿಂದ ನಷ್ಟ ಸ್ವಲ್ಪವೇ. 2023ರ ಪ್ರಿಯಸ್ಸಿನ ಕೆಳದರ್ಜೆಯ ಮಾದರಿಯಲ್ಲಿ ಮುಂದಿನ ಚಕ್ರದ್ದಕ್ಕೆ ಗ್ಯಾಲನ್ನಿಗೆ 57 ಮೈಲಿ, ನಾಲ್ಕು ಚಕ್ರದ್ದಕ್ಕೆ 54. ಅವರು ಕೊಳ್ಳುವ ಮುನ್ನ ಹಿಮದ ಟಯರುಗಳಿಗೆ ಹಣ ತೆಗೆದಿಡುವುದೊಳಿತು.

‘ಅಹಿಂಸಾ ವಾಹನ’ವೆಂಬ ಪದವನ್ನು ಬಿಡಲಾರೆವೆನ್ನುವವರಿಗೆ ಇನ್ನೊಂದು ಸಂಗತಿ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತಿದೆ. ಅದು ಕಬ್ಬಿನ ಕಾಕಂಬಿಯನ್ನೋ ಧಾನ್ಯವನ್ನೋ ಹುಳಿಯಿಸಿ ಭಟ್ಟಿಯಿಳಿಸಿದ ಸಾರ. ಮದ್ಯತ್ಯಾಗವನ್ನು ನಾವು ಮೂಲಗುಣವೆಂದು ಪಾಲಿಸುವುದು ಅಮಲಿನ ಕಾರಣಕ್ಕೆ ಮಾತ್ರವಲ್ಲ. ಹುಳಿಯುವಿಕೆಯಲ್ಲಿ ಹುಟ್ಟಿ ಸಾಯುವ ಅಸಂಖ್ಯ ಜೀವಗಳ ಕಾರಣಕ್ಕೂ ಹೌದು. ಪೆಟ್ರೋಲನ್ನು ನಾವು ಕುಡಿಯುವುದಿಲ್ಲ, ದೋಷ ಅದೇ ಅಲ್ಲ, ಒಪ್ಪಿದೆ. ಆದರೂ ಬಂಕಿನಲ್ಲಿ ನಿಂತಾಗ ‘ಅಹಿಂಸೆ’ ಎಂಬ ಶಬ್ದ ನಾಲಗೆಗೆ ಬರುವ ಮೊದಲು ಸ್ವಲ್ಪ ತಡೆಯಬೇಕಲ್ಲವೆ?

ಸೋದರಳಿಯನಿಗೆ ಅಂದು ನಾನು ಯಾವ ಕಾರನ್ನೂ ಹೆಸರಿಸಲಿಲ್ಲ. ಹಿಂದಿನ ವರ್ಷದ ತನ್ನ ಓಡಾಟವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತರುವಂತೆ ಹೇಳಿದೆ: ಎಲ್ಲಿಗೆ, ಯಾವ ತಿಂಗಳು, ಎಷ್ಟು ದೂರ, ಯಾರಿಗಾಗಿ, ಬಸ್ಸೋ ರೈಲೋ ಇತ್ತೇ. ಮುಖ ಸಣ್ಣದು ಮಾಡಿಕೊಂಡು ಹೋದವನು ಎರಡು ವಾರದ ಮೇಲೆ ಹಾಳೆಯೊಡನೆ ಬಂದ. ಕೆಸರಿನಲ್ಲಿ ಕಾರು ಹೂತದ್ದು ಒಮ್ಮೆ. ಅದೂ ಗೆಳೆಯರೊಡನೆ ಜಲಪಾತ ನೋಡಲು ಹೋದಾಗ. ಬಸದಿಗೆ, ಕಚೇರಿಗೆ, ತಾಯಿಯ ಆಸ್ಪತ್ರೆಗೆ ಆದ ಓಡಾಟವನ್ನು ಅವನೇ ಕೆಂಪು ಶಾಯಿಯಲ್ಲಿ ಗುರುತಿಸಿದ್ದ. ಉಳಿದದ್ದು ಅರ್ಧಕ್ಕಿಂತ ಹೆಚ್ಚೇ ಇತ್ತು. ಆ ಚಾತುರ್ಮಾಸಕ್ಕೆ ಘಾಟಿಯ ಕೆಳಗೆ ಕಾರು ಇಳಿಸುವುದಿಲ್ಲವೆಂದೂ, ಕತ್ತಲಾದ ಮೇಲೆ ಆಸ್ಪತ್ರೆಗಲ್ಲದೆ ಓಡಿಸುವುದಿಲ್ಲವೆಂದೂ ಆಷಾಢ ಚತುರ್ದಶಿಯಂದು ಬಸದಿಯಲ್ಲಿ ನಿಯಮ ತೆಗೆದುಕೊಂಡ. ಹಳೆಯ ಕಾರಿಗೆ ನಾಲ್ಕು ಹೊಸ ಟಯರು ಹಾಕಿಸಿದ್ದಾನೆ. ಮುಂದೆ ಹೈಬ್ರಿಡ್ ಕೊಳ್ಳುತ್ತಾನೋ ಇಲ್ಲವೋ ಹೇಳಲಾರೆ. ಷೋರೂಮಿನ ಕಾಗದಗಳು ಇನ್ನೂ ನನ್ನ ಮೇಜಿನ ಮೇಲೆಯೇ ಇವೆ.