ಮಳೆಗೆ ಜಾತಿ ಇಲ್ಲ, ಪರಿಹಾರಕ್ಕೆ ಪಹಣಿ ಬೇಕು

"ಹವಾಮಾನ ಬದಲಾವಣೆ ಎಲ್ಲರಿಗೂ ಒಂದೇ, ಪ್ರಕೃತಿ ಮುನಿದರೆ ಬಡವ ಬಲ್ಲಿದ ಅಂತ ನೋಡಲ್ಲ." ಹಾಸನದಲ್ಲಿ ಪರಿಸರ ದಿನ ಬಂದರೆ ಈ ಭಾಷಣ ಇದ್ದದ್ದೇ. ಗೆಳೆಯರೇ, ಇದು ಅರ್ಧ ಸತ್ಯ. ಉಳಿದರ್ಧವನ್ನು ನಾವೇ ಹೇಳಬೇಕು.

ಮೊದಲು ವಿಜ್ಞಾನ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಂದೇ ಸಲ ಧೋ ಅಂತ ಸುರಿಯುತ್ತೆ, ಇಲ್ಲದಿದ್ದರೆ ವಾರಗಟ್ಟಲೆ ಹನಿ ಇಲ್ಲ. ಮಲೆನಾಡಲ್ಲಿ ಗುಡ್ಡ ಜಾರುತ್ತೆ, ಬಯಲಲ್ಲಿ ಬೆಳೆ ಒಣಗುತ್ತೆ.

2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟ್ ಹೆದ್ದಾರಿ ಮತ್ತೆ ಮತ್ತೆ ಬಂದ್ ಆಯ್ತು. ಬರೀ ಮಳೆಯಿಂದನಾ? ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ಗೋಡೆ ಥರ ನೆಟ್ಟಗೆ ಕಡಿದಿದ್ದರು. ಬುಡ ಹೋದರೆ ಮೇಲಿನ ಮಣ್ಣಿಗೆ ಆಸರೆ ಇಲ್ಲ. ನೀರು ಕುಡಿದು ಭಾರವಾಗಿ, ಹಿಡಿತ ಬಿಟ್ಟು ಜಾರುತ್ತೆ. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿದ್ದಾಗ ಸತ್ತವರಲ್ಲಿ ಹೆದ್ದಾರಿ ಬದಿ ಟೀ ಅಂಗಡಿ ಇಟ್ಟವರಿದ್ದರು, ಲಾರಿ ಡ್ರೈವರ್ ಇದ್ದರು. ಗುಡ್ಡ ಕಡಿಯಲು ಸಹಿ ಹಾಕುವವರು ಗುಡ್ಡದ ಕೆಳಗೆ ಮನೆ ಕಟ್ಟಲ್ಲ.

ಈಗ ಬರಕ್ಕೆ ಬನ್ನಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಈ ಅನ್ಯಾಯದ ಬಗ್ಗೆ ಎಲ್ಲರೂ ಕೂಗಿದರು, ಸರಿ. ಬಂದ ಹಣ ಯಾರಿಗೆ ಹೋಯ್ತು ಅಂತ ಎಷ್ಟು ಜನ ಕೇಳಿದರು? ಬೆಳೆ ಪರಿಹಾರಕ್ಕೆ ಪಹಣಿ ಬೇಕು, ಫ್ರೂಟ್ಸ್ ಐಡಿ ಬೇಕು. ಆಮೇಲೆ "ಜೀವನೋಪಾಯ ನಷ್ಟ" ಅಂತ ರಾಜ್ಯ ಘೋಷಿಸಿದ ಹಣವೂ ಸಣ್ಣ, ಅತಿ ಸಣ್ಣ ರೈತ ಕುಟುಂಬಗಳಿಗೆ. ಅವರಿಗೆ ಸಿಗಲಿ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಹಾಸನದ ಸುತ್ತ ಆಲೂಗಡ್ಡೆ ಕೀಳುವ, ಅರಕಲಗೂಡಿನಲ್ಲಿ ಹೊಗೆಸೊಪ್ಪು ಬಿಡಿಸುವ, ಹೊಳೆನರಸೀಪುರದಲ್ಲಿ ನಾಟಿ ಹಾಕುವ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಸುಲಿಯುವ ನಮ್ಮ ಕೇರಿಯವರ ಕಥೆ ಏನು? ಬೆಳೆ ಹೋದರೆ ಅವರ ಕೂಲಿಯೂ ಹೋಯ್ತು. ಆ ನಷ್ಟ ಯಾವ ರಿಜಿಸ್ಟರಿನಲ್ಲಿದೆ?

ನಾನು ಗುಮಾಸ್ತ. ಕಾಗದದ ಗುಣ ನನಗೆ ಗೊತ್ತು. ಫಾರಂನಲ್ಲಿ ಕಾಲಂ ಇಲ್ಲ ಅಂದರೆ ನಿಮಗೆ ನಷ್ಟವೇ ಆಗಿಲ್ಲ ಅಂತ ಅರ್ಥ. ಪಹಣಿಯಲ್ಲಿ ನಮ್ಮವರ ಹೆಸರು ಇಲ್ಲದಿರೋದು ಪ್ರಕೃತಿ ಮುನಿದು ಅಲ್ಲ. ತಲೆತಲಾಂತರ ಭೂಮಿ ಕೊಡಲಿಲ್ಲ, ಕೊಟ್ಟ ಗ್ರಾಂಟ್ ಜಮೀನೂ ಕೈತಪ್ಪಿ ಹೋಗಿದ್ದಕ್ಕೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯ್ತು.

ಕೇಳೋದು ಮೂರೇ. ಬರ, ನೆರೆ ಘೋಷಣೆಯಾದ ಕೂಡಲೇ ಭೂಮಿ ಇಲ್ಲದ ಕೂಲಿ ಕುಟುಂಬಗಳ ಪಟ್ಟಿ ಪಂಚಾಯ್ತಿಯಲ್ಲಿ ಆಗಲಿ, ಹೋದ ಕೂಲಿ ದಿನಗಳಿಗೆ ಪರಿಹಾರ ಸಿಗಲಿ. ಹಕ್ಕುಪತ್ರದ ನೆಪ ಹೇಳಿ ಬಿದ್ದ ಮನೆಯನ್ನು ಪಟ್ಟಿಯಿಂದ ಕೈಬಿಡಬೇಡಿ. ಗುಡ್ಡಕ್ಕೆ ಜೆಸಿಬಿ ಹಚ್ಚುವ ಮುಂಚೆ ಭೂವಿಜ್ಞಾನಿಗಳ ವರದಿಯನ್ನು ಕೆಳಗೆ ವಾಸ ಮಾಡುವವರ ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಓದಿ.

ಶೇರ್ ಮಾಡಿದರಷ್ಟೇ ಸಾಲದು. ನಿಮ್ಮ ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಕಳೆದ ಬರದಲ್ಲಿ ಪಹಣಿ ಇಲ್ಲದ ಎಷ್ಟು ಕುಟುಂಬಗಳಿಗೆ, ಎಷ್ಟು ಪರಿಹಾರ ಕೊಟ್ಟಿದ್ದೀರಿ? ಉತ್ತರ ಬಂದ ಮೇಲೆ "ಎಲ್ಲರಿಗೂ ಒಂದೇ" ಅನ್ನುವವರ ಮುಂದೆ ಆ ಕಾಗದ ಇಡೋಣ.

ಜೈ ಭೀಮ್.