ಕಡಲಿಗೆ ಕಲ್ಲು, ರೈತನಿಗೆ ಸಾಲ



ಮೇಲಿನ ಹೊಲದವನು ತನ್ನ ಬದು ಎತ್ತರಿಸಿ ಮಳೆನೀರನ್ನೆಲ್ಲ ನಿಮ್ಮ ಹೊಲಕ್ಕೆ ತಿರುಗಿಸಿದರೆ ಸುಮ್ಮನಿರುತ್ತೀರಾ? ಪಂಚಾಯ್ತಿ ಸೇರಿಸುತ್ತೀರಿ, ಆಗದಿದ್ದರೆ ಕೋರ್ಟಿಗೆ ಹೋಗುತ್ತೀರಿ. ಅದೇ ಕೆಲಸವನ್ನು ಸರ್ಕಾರ ಕಡಲ ದಂಡೆಯಲ್ಲಿ ಮಾಡಿದರೆ ಅದಕ್ಕೆ 'ಸಂರಕ್ಷಣಾ ಕಾಮಗಾರಿ' ಅಂತ ಹೆಸರು! ಘಟ್ಟದ ಮೇಲಿನವರು ಇದು ಕರಾವಳಿಯವರ ತಾಪತ್ರಯ ಅಂತ ಪುಟ ತಿರುಗಿಸಬೇಡಿ. ಅಲ್ಲಿ ನೀರಿಗೆ ಸುರಿಯುವ ದುಡ್ಡು ನಿಮ್ಮದೂ ಹೌದು.

ಕಡಲ ದಂಡೆಯ ಮರಳು ಇಟ್ಟಲ್ಲೇ ಇರುವ ಆಸ್ತಿಯಲ್ಲ. ಹೊಳೆ ಅದನ್ನು ತರುತ್ತದೆ, ಅಲೆ ದಂಡೆಗುಂಟ ಸಾಗಿಸುತ್ತದೆ. ಮಳೆಗಾಲದಲ್ಲಿ ಕಡಲು ತಿಂದದ್ದರಲ್ಲಿ ಬಹುಪಾಲನ್ನು ಬೇಸಿಗೆಯಲ್ಲಿ ತಂದು ಹಾಕುತ್ತದೆ. (ಸಾಲ ತೀರಿಸುವುದರಲ್ಲಿ ಕಡಲು ನಮ್ಮ ಸರ್ಕಾರಕ್ಕಿಂತ ಪ್ರಾಮಾಣಿಕ.) ನಡುವೆ ಕಲ್ಲಿನ ಗೋಡೆ ಚಾಚಿದರೆ ಮರಳು ಒಂದು ಮಗ್ಗುಲಲ್ಲಿ ಗುಡ್ಡೆ ಬೀಳುತ್ತದೆ, ಇನ್ನೊಂದು ಮಗ್ಗುಲಿಗೆ ಬರುವುದು ನಿಲ್ಲುತ್ತದೆ. ಆದರೆ ಅಲ್ಲಿಂದ ಒಯ್ಯುವುದನ್ನು ಅಲೆ ಬಿಡುವುದಿಲ್ಲ. ಆದಾಯ ನಿಂತು ಖರ್ಚು ಮುಂದುವರಿದ ಮನೆಯ ಗತಿಯನ್ನು ನಿಮಗೆ ಬಿಡಿಸಿ ಹೇಳಬೇಕೇ?

ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಗೋಡೆ ಕಟ್ಟಿದರು. ಉತ್ತರಕ್ಕಿದ್ದ ಪಟ್ಟಣದ ಮರಳ ದಂಡೆಯೇ ಮಾಯವಾಯಿತು. ಅಲ್ಲಿಗೆ ಬಂಡೆ ಒಟ್ಟಿದರು. ಕೊರೆತ ಇನ್ನೂ ಉತ್ತರಕ್ಕೆ ಸರಿದು, ಗಡಿ ದಾಟಿ ತಮಿಳುನಾಡಿನ ಮೀನುಗಾರರ ಹಳ್ಳಿಗಳನ್ನು ಹಿಡಿಯಿತು.

ನಮ್ಮಲ್ಲೇ ಉಳ್ಳಾಲ ಇದೆಯಲ್ಲ! ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆಯಲ್ಲಿ ದೋಣಿಗಳ ದಾರಿಗಾಗಿ 1990ರ ದಶಕದಲ್ಲಿ ಎರಡು ಗೋಡೆ ಚಾಚಿದರು. ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ತೆಂಗು, ಮನೆ, ರಸ್ತೆ ಮಳೆಗಾಲದಿಂದ ಮಳೆಗಾಲಕ್ಕೆ ಕಡಲ ಪಾಲಾದವು. ಲಾರಿಗಟ್ಟಲೆ ಬಂಡೆ ಸುರಿದರು. ಸಾಲದ್ದಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ನೀರೊಳಗೆ ದಿಬ್ಬ ಕಟ್ಟಿದರು. ಒಂದು ಕಲ್ಲಿನ ತಪ್ಪು ತಿದ್ದಲು ಇನ್ನೊಂದು ಕಲ್ಲು, ಅದಕ್ಕೆ ಪರದೇಶದ ಸಾಲ! ಈಚಿನ ಮಳೆಗಾಲಗಳಲ್ಲಿ ಇನ್ನೂ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯವರು ಬೊಬ್ಬೆ ಹೊಡೆಯುತ್ತಿದ್ದಾರೆ.

ಕಲ್ಲೇ ಬೇಡ ಅನ್ನುತ್ತಿಲ್ಲ. ಅಂಗಳಕ್ಕೆ ಅಲೆ ಬಂದು ನಿಂತವನಿಗೆ ಉಪದೇಶ ಮಾಡುವ ಧೈರ್ಯ ನಮಗಿಲ್ಲ. ಬಂದರೂ ಬೇಕು, ದೋಣಿಯವರೂ ನಮ್ಮವರೇ. ಆದರೆ ಗೋಡೆ ಕಟ್ಟಿದವರೇ ತಡೆದು ನಿಂತ ಮರಳನ್ನು ಆಚೆ ಮಗ್ಗುಲಿಗೆ ಸಾಗಿಸಬೇಕು. ಪುದುಚೇರಿಯ ಯೋಜನೆಯಲ್ಲಿ ಈ ಮಾತು ಇತ್ತು, ನೆಟ್ಟಗೆ ನಡೆಸಲಿಲ್ಲ. ಯಾಕೆ ನಡೆಸುತ್ತಾರೆ ಸ್ವಾಮಿ? ಬಂಡೆಗೆ ಲೋಡು ಲೆಕ್ಕದ ಬಿಲ್ಲಿದೆ. ಸಾಗಿಸಿದ ಮರಳಿನ ಮೇಲೆ ಮಂತ್ರಿಗಳ ಹೆಸರಿನ ಫಲಕ ನೆಡಲಾಗುತ್ತದೆಯೇ?

ಇನ್ನು ಪರಿಹಾರ. ಗುಡ್ಡ ಕುಸಿದೋ ಹೊಳೆ ದಾರಿ ಬದಲಿಸಿಯೋ ಜಮೀನು ಹೋದ ಸಣ್ಣ ರೈತನಿಗೆ ಕೇಂದ್ರದ 2022–26ರ ನಿಯಮದಲ್ಲಿ ಹೆಕ್ಟೇರಿಗೆ 47,000 ರೂಪಾಯಿ ಇತ್ತು. ಅದೇ ಭಿಕ್ಷೆ. ಕಡಲ್ಕೊರೆತಕ್ಕೆ ಕೇಂದ್ರದ ವಿಕೋಪಗಳ ಪಟ್ಟಿಯಲ್ಲಿ ಆ ಜಾಗವೂ ಇರಲಿಲ್ಲ. ಜಮೀನು ನೀರೊಳಗೆ ಹೋದರೂ ಸೊಸೈಟಿಯ ಲೆಡ್ಜರಿನಲ್ಲಿ ಸಾಲ ಮಾತ್ರ ಒಣಗಿಕೊಂಡೇ ಕೂತಿರುತ್ತದೆ.

ಕರಾವಳಿಯ ಬಂಧುಗಳೇ, ಕಡಲ ಪಾಲಾದ ಸರ್ವೆ ನಂಬರು, ಪಹಣಿಯಲ್ಲಿರುವ ವಿಸ್ತೀರ್ಣ, ಅದರ ಮೇಲಿನ ಸಾಲ, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಇಡಿ. ಬಂಡೆಯ ಲಾರಿ ಬಂದ ದಿನ ಅಡ್ಡ ನಿಂತು ಕೇಳಿ: ಈ ಗೋಡೆ ಮುಗಿಯುವ ಕಡೆ ಯಾರ ಜಮೀನಿದೆ? ಅದು ಹೋದರೆ ಸಾಲ ತೀರಿಸುವವರು ಯಾರು? ಬರವಣಿಗೆಯಲ್ಲಿ ಉತ್ತರ ಬರುವ ತನಕ ಲಾರಿ ಅಲ್ಲೇ ನಿಲ್ಲಲಿ.